ಗದಿಗೆವ್ವನ ಸಾಹೇಬರು
ಹಾವೇರಿಗೆ ಹೊಸ ಎಸ್ಪಿ ನೇಮಕವಾದರೆ, ಸ್ವಾಗತದ ಹಾರ ಬರುವ ಮೊದಲೇ ರಾಣೆಬೆನ್ನೂರಿನ ಗದಿಗೆವ್ವ ಕಚೇರಿ ಬಾಗಿಲಲ್ಲಿರುತ್ತಾಳೆ. “ಯವ್ವಾ, ವರ್ಗಾವಣಿ ಸುದ್ದಿ ನಮಗಿಂತ ಮೊದಲ ನಿನಗ ಮುಟ್ಟತೈತಲ್ಲ!” ಎಂದು ಪೇದೆಗಳು ಕಾಡಿಸುತ್ತಾರೆ. ಯಾವ ಸಾಹೇಬರು ಚಹಾ ಕೊಡಿಸಿದರು, ಯಾರು ನಿಲ್ಲಿಸಿಯೇ ಮಾತಾಡಿದರು, ಜಿಲ್ಲೆಯಾದಾಗಿನಿಂದ ಎಲ್ಲ ಅವಳ ನೆನಪಿನಲ್ಲಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹಮಾಲಿಗೆ ಹೋದ ಮಗ ತಿರುಗಿ ಬಂದಿಲ್ಲ. ಬಂದ ಪ್ರತಿಯೊಬ್ಬ ಸಾಹೇಬರಿಗೂ ಅದನ್ನು ಮೊದಲಿನಿಂದ ಹೇಳುತ್ತಾಳೆ. ಎಲ್ಲರೂ ಹುಡುಕಿಸಿದರು, ವರ್ಗವಾಗಿ ಹೋದರು. ಈಗಿನವರು ಮಾತ್ರ ತಾವೇ ಹೇಳಿಕಳಿಸಿ ಕರೆಸಿದರು, ಎದ್ದು ನಿಂತು ಕುರ್ಚಿ ಸರಿಸಿಕೊಟ್ಟರು. “ಕೂತ್ಕೊಳ್ಳಿ ತಾಯಿ, ನಿಮ್ಮ ಮಗನ ವಿಷಯ ಗೊತ್ತಾಗಿದೆ.” ಗದಿಗೆವ್ವ ಅವರ ಮುಖ ನೋಡಿದಳು, ಕೂಡಲಿಲ್ಲ. “ಬ್ಯಾಡ್ರಿ ಸಾಹೇಬ್ರ,” ಎಂದಳು, “ನಿಮ್ಮ ಜಾಗಾಕ ಬರೋರನ್ನ ಕೇಳ್ತೇನಿ.”