ಮಣ್ಣಕ್ಕ ಚೊಂಬು ಬಿಟ್ಟುಹೋದ ವಾರ

ಬೆಳಗಿನ ಆರು ಗಂಟೆ. ಪಾತ್ರೆ ತೊಳೆಯುತ್ತಿದ್ದೇನೆ, ಸೋಪಿನ ಕೈಯಲ್ಲಿ ನಮ್ಮದಲ್ಲದ ಒಂದು ಚೊಂಬಿದೆ. ಅಷ್ಟರಲ್ಲಿ ಅದರ ಒಡತಿಯೇ ಹಿಂಬಾಗಿಲಿಗೆ ಬರುತ್ತಾರೆ. ಆಗಲೇ ಎರಡು ಗಂಟೆ ದುಡಿದು ಬಂದವರ ರೆಪ್ಪೆಗಳ ಮೇಲೆ ಬಿಳಿ ಧೂಳು.

"ಹೊಸ ಒಲೆಗೆ ಕರೆಂಟ್ ಕೊಟ್ಟಿದಾರೆ. ಹನ್ನೊಂದಕ್ಕೆಲ್ಲ ಕಬ್ಬಿಣ ಕರಗುತ್ತೆ. ಬರ್ತೀರಲ್ಲ?"

"ಚೊಂಬು ತರ್ಲಾ?"

"ತನ್ನಿ, ಆದ್ರೆ ನನ್ನ ಕೈಗೆ ಕೊಡ್ಬೇಡಿ. ಮೊದಲು ಕಬ್ಬಿಣ ಹೊರಗೆ ಬರ್ಲಿ."

ಎರಡನೇ ತರಗತಿಯ ನನ್ನ ಮಗಳು ಬೆನ್ನ ಹಿಂದಿನಿಂದ ಇಣುಕುತ್ತಾಳೆ. ಇವರನ್ನು ಕೇಳಬೇಕಾದ ಪ್ರಶ್ನೆಯೊಂದು ಅವಳಲ್ಲಿ ನಾಲ್ಕು ದಿನದಿಂದ ಕೂತಿದೆ. ನನಗೂ ಹೇಳಿಲ್ಲ. "ಈಗ ಕೇಳು ಪುಟ್ಟಿ" ಎಂದರೆ ಮತ್ತೆ ಬೆನ್ನ ಹಿಂದೆ.

ನಮ್ಮ ಬೀದಿಯ ತುದಿಯ ಎರಕದ ಕಾರ್ಖಾನೆಯಲ್ಲಿ ಇವರು ಮೂವತ್ತೊಂದು ವರ್ಷಗಳಿಂದ ಕುಲುಮೆಗಳ ಒಳಮೈಗೆ ಗಾರೆ ಹಾಕುತ್ತಿದ್ದಾರೆ. ಎಲ್ಲರ ಬಾಯಲ್ಲೂ ಮಣ್ಣಕ್ಕ. ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕುಪೋಲಾ ಎರಡಾಳೆತ್ತರದ ಕೊಳವೆ. ಅದು ತಣ್ಣಗಾದ ಮೇಲೆ ಮಣ್ಣಕ್ಕ ತಳದ ಬಾಗಿಲಿನಿಂದ ತೆವಳಿ ಒಳಗೆ ಹೋಗುತ್ತಾರೆ. ಅಂಟಿದ ಕಿಟ್ಟವನ್ನು ಉಳಿಯಿಂದ ಕೆತ್ತಿ, ಬೆಂಕಿಗೆ ಜಗ್ಗದ ಜೇಡಿಯನ್ನು ಎಂಟು ಡಬ್ಬದಷ್ಟು ಕಲಸಿ ಮೆತ್ತುತ್ತಾರೆ. ವಾರಕ್ಕೆ ಮೂರು ಸಲ. ಮೊದಲ ವರ್ಷ ಹೊರಬರಲಾಗದೆ ಒಳಗೇ ಸಿಕ್ಕಿಕೊಂಡು ಅತ್ತಿದ್ದರಂತೆ. "ಆಮೇಲೆ ಉಪಾಯ ಗೊತ್ತಾಯ್ತು. ಮೊದಲು ಭುಜ, ಆಮೇಲೆ ಮರ್ಯಾದೆ."

ಹಿತ್ತಾಳೆ ಕರಗಿಸುವ ಮೂಸೆಯ ಒಲೆಯೂ ಇವರದೇ ಉಸ್ತುವಾರಿ. ಒಲೆಗಳ ಸ್ವಭಾವ ಕೇಳಿದರೆ ಮನೆಯವರನ್ನು ಬಣ್ಣಿಸಿದಂತೆ ಹೇಳುತ್ತಾರೆ: "ಕುಪೋಲಾ ನಮ್ಮತ್ತೆ ಇದ್ದಂಗೆ, ದಿನಾ ಗುಡುಗುತ್ತೆ, ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ಮೂಸೆ ಕೂಸು, ಎತ್ತಿ ಇಳಿಸೋವಾಗ ಜೋಪಾನ. ಈ ಕರೆಂಟ್ ಒಲೆ ಹೊಸ ಸೊಸೆ. ಸದ್ದಿಲ್ಲ, ಹೊಗೆಯಿಲ್ಲ. ಒಳಗೇನಿದೆ ಅಂತ ಯಾರಿಗೆ ಗೊತ್ತು?"

ಈ ಸೊಸೆ ಬಂದದ್ದರಿಂದಲೇ ಪೇಚು. ಕುಪೋಲಾ ನಿಲ್ಲಿಸುತ್ತೇವೆ, ಹೊಸದಕ್ಕೆ ಹೊರಗಿನವರು ಬಂದು ಗಾರೆ ಹಾಕುತ್ತಾರೆ, ನೀನು ಮರಳು ಜರಡಿ ಹಿಡಿ ಎಂದರು ಕಾರ್ಖಾನೆಯ ಯಜಮಾನರು. ಮಣ್ಣಕ್ಕ ಒಂದೇ ಒಂದು ಅವಕಾಶ ಕೇಳಿದರು. "ನಾನು ಹಾಕಿದ ಗಾರೆ ನಿಲ್ಲದಿದ್ರೆ ನಾನೇ ಹೋಗಿ ಜರಡಿ ಹಿಡೀತೀನಿ ಅಂದೆ."

ಹೊಸ ಒಲೆಯ ಗಾರೆಯೋ ಒಣ ಪುಡಿ. ಹನಿ ನೀರು ಸೋಕಿದರೂ ಕೆಟ್ಟಿತು, ಬಿಸಿಯೇರಿದಾಗ ಬಿರುಕು. ಮಣ್ಣಕ್ಕನ ಕೈಯೋ, ಮೂರು ದಶಕ ಮಣ್ಣಿಗೆ ನೀರು ಚಿಮುಕಿಸಿದ್ದು. ಮೊದಲ ದಿನ ಬೆಳಿಗ್ಗೆಯೇ ಎರಡು ಸಲ ತಾನಾಗಿ ಚೊಂಬಿನತ್ತ ಹೋಯಿತು. "ತಲೆಗೆ ಬುದ್ಧಿ ಹೇಳ್ಬಹುದು, ಕೈಗೆ ಹೇಳೋದು ಕಷ್ಟ ಕಣ್ರೀ. ಅದಕ್ಕೇ ಚೊಂಬನ್ನ ನಿಮ್ಮನೇಲಿ ಬಿಟ್ಟೆ." ಆಮೇಲೆ ಮಾಸ್ಕ್ ಬಿಗಿದು, ಇಪ್ಪತ್ತೆರಡು ಮೂಟೆ ಪುಡಿಯನ್ನು ನಾಲ್ಕು ನಾಲ್ಕು ಬೆರಳಿನಷ್ಟು ಸುರಿದು, ಪ್ರತಿ ಪದರವನ್ನೂ ಕವಲುಗೋಲಿನಿಂದ ಎಂಬತ್ತು ಸಲ ಇರಿದು ಗಾಳಿ ಬಿಡಿಸಿದರು. ಎಣಿಕೆ ತಪ್ಪಿದಲ್ಲೆಲ್ಲ ಮತ್ತೆ ಒಂದರಿಂದ.

ಹನ್ನೊಂದಕ್ಕೆ ನಾವು ಆಫೀಸು ಕೋಣೆಯ ಗಾಜಿನ ಹಿಂದೆ ನಿಂತಿದ್ದೇವೆ. ಗಾಜಿನಾಚೆ ಒಲೆಯ ಬಳಿ ಮಣ್ಣಕ್ಕನ ಪಕ್ಕ ನಿಂತ ಕರಗಿಸುವಾತನ ಕಣ್ಣು ಗೋಡೆಯ ಮೀಟರಿನ ಮೇಲೆ. ಗಾರೆ ಸೀಳಿ ಕಬ್ಬಿಣ ಜಿನುಗಿದರೆ ಸೂಜಿ ಜಿಗಿಯುತ್ತದೆ; ಗಾರೆಯ ಆಚೆ, ಒಲೆಯನ್ನು ಸುತ್ತಿದ ತಾಮ್ರದ ಸುರುಳಿಯೊಳಗೆ ಹರಿಯುವ ನೀರಿಗೆ ಆ ಕಬ್ಬಿಣ ತಾಗಿದರೆ ಒಲೆಯೇ ಸಿಡಿಯುತ್ತದೆ. ಮಣ್ಣಕ್ಕ ಮೀಟರನ್ನು ನೋಡುತ್ತಲೇ ಇಲ್ಲ, ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದಾರೆ.

"ಸೂಜಿ ಏನಂತೆ?"

"ಮಲಗಿದೆ ಅಕ್ಕ. ಗೊರಕೆ ಒಂದು ಹೊಡೀತಿಲ್ಲ ಅಷ್ಟೆ."

ಒಲೆ ಮೆಲ್ಲಗೆ ಬಾಗುತ್ತದೆ. ಕಿತ್ತಳೆ ಬಣ್ಣದ ಕಬ್ಬಿಣ ಹಾಲಿನಂತೆ ಇಳಿಯುತ್ತದೆ. ಕೋಣೆಯ ಸುಣ್ಣದ ಗೋಡೆ, ಕುರ್ಚಿ, ನನ್ನ ಮಗಳ ಕೆನ್ನೆ ಎಲ್ಲ ಬೆಳಗುತ್ತವೆ. ಕೊನೆಯ ಹನಿಯವರೆಗೂ ಸೂಜಿ ಕದಲುವುದಿಲ್ಲ. ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತಾರೆ. "ಮುಂದಿನ ಸಲಕ್ಕೆ ಎಷ್ಟು ಮೂಟೆ ಬೇಕೋ ಬರೆಸಿಬಿಡಮ್ಮ."

"ಇಪ್ಪತ್ತೆರಡೇ. ನನ್ನ ಜರಡಿ ಮಾತ್ರ ಬೇರೆ ಯಾರಿಗಾದ್ರೂ ಕೊಟ್ಬಿಡಿ."

ಕರಗಿಸುವಾತ ಜೋರಾಗಿ ನಗುತ್ತಾನೆ. ಮಣ್ಣಕ್ಕ ಕೋಣೆಗೆ ಬಂದು, ಚೊಂಬಿಗಾಗಿ ಕೈ ಚಾಚಿ, ನೀರು ತುಂಬಿಸಿ ಗಟಗಟ ಕುಡಿಯುತ್ತಾರೆ. ಇನ್ನೇನು ಆಸೆ ಎಂದು ಕೇಳುತ್ತೇನೆ. ಬಾಯಿ ಒರೆಸಿಕೊಂಡು ಯೋಚಿಸುತ್ತಾರೆ. "ಬಂದೋರೆಲ್ಲ ಬೆಳಕು ನೋಡಿ ಚಪ್ಪಾಳೆ ತಟ್ಟಿ ಹೋಗ್ತಾರೆ. ತಟ್ಲಿ, ಚೆನ್ನಾಗೇ ಇರುತ್ತಲ್ಲ. ನನ್ನ ಕೆಲಸ ಬೆಳಕಿನ ಹಿಂದೆ ಇರುತ್ತೆ, ಯಾರಿಗೆ ಕಾಣ್ಬೇಕು ಬಿಡಿ."

ನನ್ನ ಸೆರಗು ಸಡಿಲವಾಗುತ್ತದೆ. ಹಿಡಿದಿದ್ದ ಪುಟ್ಟ ಮುಷ್ಟಿ ಬಿಟ್ಟಿದೆ. ಮಗಳು ಮುಂದೆ ಬಂದು, ಮಣ್ಣಕ್ಕನ ಬಿಳಿ ರೆಪ್ಪೆಗಳನ್ನೇ ನೋಡುತ್ತಾ, ಇಡೀ ಕೋಣೆಗೆ ಕೇಳುವಂತೆ ಕೇಳುತ್ತಾಳೆ:

"ದೊಡ್ಡಮ್ಮ, ಕಬ್ಬಿಣನೇ ಕರಗಿಹೋಯ್ತಲ್ಲ, ಮತ್ತೆ ಒಲೆ ಯಾಕೆ ಕರಗ್ಲಿಲ್ಲ?"