ಸತ್ತ ರಾಜಕುಮಾರನ ಅಂಗೈ

ಹೆರಿಗೆ ವಾರ್ಡಿನ ಆಯಾಳನ್ನು ಎಲ್ಲರೂ ಕರೆಯುತ್ತಿದ್ದುದು ಕತ್ತಕ್ಕ ಎಂದೇ. ಕೂಸನ್ನು ಮೊದಲ ಸಲ ಎತ್ತಿಕೊಳ್ಳುವವರು ಯಾರೇ ಇರಲಿ, ಹೆತ್ತ ತಾಯಿಯಾಗಲಿ, ಬಿಳಿ ಕೋಟಿನ ಹೊಸ ಡಾಕ್ಟರಾಗಲಿ, "ಕತ್ತು! ಕತ್ತು ಹಿಡೀರಿ!" ಎಂದು ಗದರದೆ ಆಕೆ ಬಿಟ್ಟವಳಲ್ಲ. ಎಳೆಗೂಸಿನ ತಲೆ ನಿಲ್ಲುವುದಿಲ್ಲ, ಅದರ ಕೆಳಗೊಂದು ಅಂಗೈ ಇರಬೇಕು. ಇಷ್ಟೂ ಗೊತ್ತಿಲ್ಲದವರು ಮದುವೆಯನ್ನಾದರೂ ಯಾಕಾಗುತ್ತಾರೋ ಎಂಬುದು ಆಕೆಯ ತಕರಾರು.

ಗಂಡಸರ ಬಗ್ಗೆಯಂತೂ ಕಿಲುಬು ಕಾಸಿನ ಗೌರವವಿರಲಿಲ್ಲ. ನಿನಗಾಗಿ ಪ್ರಾಣ ಬೇಕಾದರೂ ಕೊಡುತ್ತೇನೆ ಎಂದು ಕೈಹಿಡಿದವರೆಲ್ಲ ವಾರ್ಡಿನ ಬಾಗಿಲಲ್ಲಿ ರಕ್ತ ಕಂಡು ಕಣ್ಣು ತೇಲಿಸುವುದನ್ನು ನೋಡಿ ನೋಡಿ ಆಕೆಗೆ ಸಾಕಾಗಿತ್ತು. ಸ್ವಂತ ಗಂಡನೂ ಅಂಥದೇ ಮಾತಿನ ಮಲ್ಲ. ಮಗಳು ಹುಟ್ಟಿದ ದಿನ ಹಣ್ಣು ತರುತ್ತೇನೆಂದು ಹೋದವನು ಎರಡು ದಿನ ಬಿಟ್ಟು ಬರಿಗೈಯಲ್ಲಿ ಬಂದ. ಆ ಮಗಳು ಹೆಜ್ಜೆಯಿಡಲು ಕಲಿಯುವ ಮೊದಲೇ ಪೂರ್ತಿಯಾಗಿ ಮನೆ ಬಿಟ್ಟು ಹೋದ.

ಮಗಳು ಈಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಗಲು ಫ್ರಿಜ್ ರಿಪೇರಿ, ಸಂಜೆ ನಾಟಕ ಎಂದು ಓಡಾಡುವ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಅಮ್ಮ ಒಪ್ಪದೆ ಮದುವೆಯಿಲ್ಲ ಎಂದು ಅವನಿಗೂ ಹೇಳಿಬಿಟ್ಟಿದ್ದಳು.

"ಒಂದ್ಸಲ ಅವನ ನಾಟಕ ನೋಡಮ್ಮ. ಆಮೇಲೂ ಬೇಡ ಅಂದ್ರೆ ಬೇಡ, ಸರಿನಾ?"

"ಬಣ್ಣ ಬಳ್ಕೊಂಡು ಸುಳ್ಳು ಹೇಳೋನನ್ನ ನೋಡಿ ಏನು ತಿಳ್ಕೋಬೇಕು? ಬಣ್ಣ ಇಲ್ದೆ ಹೇಳೋರನ್ನೇ ನೋಡಿದ್ದಾಗಿದೆ" ಎಂದು ಗೊಣಗಿದರೂ ಆಕೆ ಸೀರೆ ಬದಲಿಸಿ ಹೊರಟಳು.

ನಾಟಕ ಹಳೆಯ ರಾಜರ ಕಾಲದ ಪ್ರೇಮಕಥೆ. ರಾಜಕುಮಾರನಿಗೆ ಶತ್ರುಕೋಟೆಯ ದಳಪತಿಯ ಮಗಳ ಮೇಲೆ ಮನಸ್ಸು. ಅಪ್ಪ ಅವಳನ್ನು ಗೋಪುರದಲ್ಲಿ ಕೂಡಿಹಾಕಿದ. ರಾಜಕುಮಾರ ಗೋಪುರದ ಕೆಳಗೆ ನಿಂತು, ಎದೆಯ ಮೇಲೆ ಕೈಯಿಟ್ಟು, ಚಂದ್ರನನ್ನು ಸಾಕ್ಷಿಗೆ ಕರೆದ.

"ಏಣಿ ತರೋಕೇನು ದಾಡಿ?" ಎಂದಳು ಕತ್ತಕ್ಕ.

"ಅಮ್ಮಾ, ಮೆಲ್ಲಗೆ!"

"ಅಷ್ಟು ದೊಡ್ಡ ಸೈನ್ಯ ಇಟ್ಕೊಂಡಿದ್ದಾನೆ, ಒಂದು ಏಣಿ ಇಲ್ವಾ? ಇವನೇನಾ ನಿನ್ನೋನು?"

"ಹೂಂ."

"ಮೀಸೆ ಒಂದು ಕಡೆ ಕಿತ್ತುಬರ್ತಿದೆ."

ಮುಂದಿನ ಸಾಲಿನ ಕನ್ನಡಕದವರು ಹಿಂತಿರುಗಿ "ಶ್!" ಎಂದರು. ವಾರ್ಡಿನಲ್ಲಿ ಊರನ್ನೇ ಸುಮ್ಮನಿರಿಸುವವಳಿಗೆ ಈ ಶ್ ಯಾವ ಲೆಕ್ಕ?

ದಳಪತಿ ವಿಷದ ಬಟ್ಟಲು ಚಾಚಿ, ನಿನ್ನ ಪ್ರೀತಿ ನಿಜವಾದರೆ ಇದನ್ನು ಕುಡಿ ಎಂದ. ರಾಜಕುಮಾರ ಗಟಗಟ ಕುಡಿದ.

"ವಿಷ ಅಂತ ಗೊತ್ತಿದ್ದೂ ಕುಡಿದ್ನಲ್ಲೇ, ಬೆಪ್ಪುತಕ್ಕಡಿ! ಇವನು ಸತ್ತು ಆ ಹುಡುಗಿಗೇನು ಸಿಕ್ತು?"

ಕುಡಿದವನು ಬೇಗ ಸಾಯಲೂ ಇಲ್ಲ. ಏಳುತ್ತ ಬೀಳುತ್ತ, ಮಾತಾಡಿದ್ದೇ ಮಾತಾಡಿದ್ದು.

"ಇಷ್ಟೊತ್ತಿಗೆ ನಮ್ಮಲ್ಲಿ ಅವಳಿಜವಳಿನೇ ಹುಟ್ಟಿರೋವು" ಎಂದು ಕತ್ತಕ್ಕ ಆಕಳಿಸಿದಳು. ಮಗಳ ಕಣ್ಣಲ್ಲಿ ನೀರಾಡುತ್ತಿತ್ತು. ಅದು ರಾಜಕುಮಾರನಿಗಾಗಿ ಅಲ್ಲ ಎಂಬುದು ತಾಯಿಗೂ ಗೊತ್ತಿತ್ತು. ಗೊತ್ತಿದ್ದೇ ಆಕೆ ಬಿಗಿಯಾಗಿ ಕೂತಿದ್ದಳು. ಈ ಮಗುವನ್ನು ಮತ್ತೊಬ್ಬ ಮಾತಿನ ಮಲ್ಲನ ಕೈಗೆ ಹಾಕುವುದು ಆಕೆಯಿಂದಾಗದ ಕೆಲಸ.

ಕೊನೆಗೆ ದಳಪತಿಯ ಮಗಳು ಗೋಪುರದಿಂದ ತಪ್ಪಿಸಿಕೊಂಡು ಬಂದಳು. ಹೆಣ ನೋಡಿ ಕಿರುಚಿ, ಬಟ್ಟಲಲ್ಲಿ ಉಳಿದದ್ದನ್ನು ಕುಡಿದಳು. ಅವನ ಎದೆಯ ಮೇಲೆ ಒರಗಬೇಕಿದ್ದವಳು ಸೆರಗು ತೊಡರಿ, ರಂಗದ ಮೇಲಿದ್ದ ಕಟ್ಟೆಯ ಅಂಚಿನ ಕಡೆಗೆ ಧೊಪ್ಪನೆ ಹಿಂದಕ್ಕೆ ಬಿದ್ದಳು.

ಆಗ ಸತ್ತ ರಾಜಕುಮಾರನ ಕೈ ಸರ್ರನೆ ಸರಿಯಿತು. ಅವಳ ತಲೆ ಕಟ್ಟೆಗೆ ಬಡಿಯುವ ಮೊದಲೇ ಅದರ ಕೆಳಗೆ ಅಂಗೈ ಬಂದಿತ್ತು.

"ಹೆಣಕ್ಕೆ ಜೀವ ಬಂತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಿಳ್ಳೆ, ನಗು. ಪರದೆ ಬೇರೆ ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿತು. ಹೆಣ ಕಣ್ಣು ಮುಚ್ಚಿಕೊಂಡೇ ಇತ್ತು. ಇಡೀ ಸಭೆ ನಗುತ್ತಿದ್ದರೂ ಅಂಗೈ ಮಾತ್ರ ಅಲ್ಲಿಂದ ಕದಲಲಿಲ್ಲ.

"ದುರಂತದ ಮಾನ ಕಳೆದುಬಿಟ್ಟ" ಎಂದು ಕನ್ನಡಕದವರು ಎದ್ದರು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಇವತ್ತೇ ಹೀಗಾಗ್ಬೇಕಿತ್ತಾ!"

ಕತ್ತಕ್ಕ ಕೂತಲ್ಲಿಂದಲೇ ಮುಂದಕ್ಕೆ ಬಾಗಿದಳು. ಬೆರಳುಗಳು ಬಿಡಿಸಿಕೊಂಡು, ಮಣಿಕಟ್ಟು ಸ್ವಲ್ಪ ಬಾಗಿ, ತಲೆಯ ಭಾರ ಪೂರ್ತಿ ತನ್ನ ಮೇಲೆ ತೆಗೆದುಕೊಂಡಿದ್ದ ಆ ಕೈಯನ್ನೇ ನೋಡುತ್ತಿದ್ದಳು. ಗದರಿ ಗದರಿ ಕಲಿಸಿದರೂ ಎಷ್ಟೋ ಅಪ್ಪಂದಿರಿಗೆ ಬಾರದ ಕೈ ಅದು.

ಹೊರಗೆ, ಸೈಕಲ್ಲುಗಳ ಪಕ್ಕ, ಹುಡುಗ ಅರ್ಧ ಒರೆಸಿದ ಬಣ್ಣದಲ್ಲಿ ಮೀಸೆ ಕೈಲಿ ಹಿಡಿದು ನಿಂತಿದ್ದ. "ತಪ್ಪಾಯ್ತಮ್ಮ. ಕೈ ತಾನಾಗೇ ಹೋಗ್ಬಿಡ್ತು. ನಾಟಕದ ಮೇಷ್ಟ್ರೂ ಬೈದ್ರು."

"ನಾಟಕ ಶುದ್ಧ ದಂಡ" ಎಂದಳು ಕತ್ತಕ್ಕ. "ಆ ರಾಜಕುಮಾರನಂಥ ಅಳಿಯ ನಂಗೆ ಸುತರಾಂ ಬೇಡ."

ಹುಡುಗನ ಮುಖ ಇಳಿಯಿತು. ಮಗಳು ನೆಲ ನೋಡಿದಳು.

"ಆ ಹೆಣ ಆದ್ರೆ ಪರವಾಗಿಲ್ಲ."

ಇಬ್ಬರೂ ತಲೆಯೆತ್ತುವಷ್ಟರಲ್ಲಿ ಆಕೆ ಚಪ್ಪಲಿ ಸಪ್ಪಳ ಮಾಡುತ್ತ ಮುಂದೆ ಹೋಗಿದ್ದಳು. ಅಲ್ಲಿಂದಲೇ ಕೂಗಿದಳು: "ಭಾನುವಾರ ಮನೆಗೆ ಬಾರಪ್ಪ. ನಮ್ಮ ಫ್ರಿಜ್ಜಿನ ಬಾಗಿಲು ಕೂತ್ಕೊಳ್ತಿಲ್ಲ, ಸಾಮಾನು ಹಿಡ್ಕೊಂಡೇ ಬಾ. ಮೀಸೆ ಮಾತ್ರ ತರ್ಬೇಡ!"