ಸಾರು ಎಂದರೆ ಸಾರಲ್ಲ

ಹುರಿದ ಧನಿಯದ ಘಮ ಒಳ್ಳೆಯ ನೆಂಟನ ಹಾಗೆ, ಒಂದು ದಿನ ಇದ್ದು ಹೋದರೆ ಚೆನ್ನ. ನನ್ನ ಮನೆಯಲ್ಲಿ ಅದು ನಾಲ್ಕು ತಿಂಗಳು ಠಿಕಾಣಿ ಹೂಡಿತ್ತು. ಪರದೆ, ದಿಂಬು, ಯಜಮಾನರ ಆಫೀಸಿನ ಅಂಗಿ, ಎಲ್ಲದರಲ್ಲೂ ಅದೇ ವಾಸನೆ.

ಮೈಸೂರು ಬಿಟ್ಟಾಗಿನಿಂದ ಅವರ ಬ್ಯಾಂಕು ನಮ್ಮನ್ನು ಊರೂರು ಅಲೆಸಿದೆ. ಒಂದೂರಿನಲ್ಲಿ ಹೊಲಿಗೆ ತರಗತಿ, ಇನ್ನೊಂದೂರಿನಲ್ಲಿ ಶಿಶುವಿಹಾರ ಎಂದು ನಾನು ಶುರುಮಾಡಿದ್ದೆಲ್ಲ ಇನ್ನೇನು ಕುದುರಿತು ಅನ್ನುವಾಗ ವರ್ಗಾವಣೆ ಬಂದು, ಪಾತ್ರೆಪಡಗದ ಜೊತೆ ನನ್ನ ಉತ್ಸಾಹವನ್ನೂ ಗಂಟು ಕಟ್ಟಬೇಕಾಗುತ್ತಿತ್ತು. ಅಹಮದಾಬಾದಿನ ಮಣಿನಗರಕ್ಕೆ ಬಂದಾಗ, ಇದೊಂದಾದರೂ ನನ್ನದಾಗಿ ಉಳಿಯಲಿ ಎಂದು ಹಟ ಹಿಡಿದು ಸಾರಿನ ಪುಡಿಯ ವ್ಯಾಪಾರಕ್ಕೆ ಇಳಿದೆ.

ಬಂದ ತಿಂಗಳಲ್ಲೇ ನಾವಿದ್ದ ಹೌಸಿಂಗ್ ಸೊಸೈಟಿಯ ಹನ್ನೊಂದು ಮನೆಗಳಿಗೆ ಬಿಸಿ ಸಾರು ಹಂಚಿದೆ. ಪ್ರತಿಯೊಬ್ಬರೂ ಒಂದು ಗುಟುಕು ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಸಾರು, ಸಾರು" ಎಂದರು. ಹೆಸರು ಹಿಡಿದು ಕೇಳುತ್ತಿದ್ದಾರಲ್ಲ ಎಂದು ಉಬ್ಬಿಹೋದೆ, ನೋಡಿ! ಊರಿನಿಂದ ಬ್ಯಾಡಗಿ ಮೆಣಸಿನಕಾಯಿ ತರಿಸಿ, ಗುಜರಾತಿ ಲಿಪಿಯಲ್ಲಿ 'ಸಾರು ಮಸಾಲಾ' ಎಂದು ಚೀಟಿ ಅಚ್ಚು ಹಾಕಿಸಿ, ಪೊಟ್ಟಣಗಳನ್ನು ಗೋಡೆಯುದ್ದಕ್ಕೂ ಪೇರಿಸಿದೆ. ಒಂದೂ ಕದಲಲಿಲ್ಲ.

ಕೊನೆಗೆ ಎದುರುಮನೆಯ ಹಂಸಾಬೆನ್ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಗುಜರಾತಿಯಲ್ಲಿ ಸಾರು ಎಂದರೆ ಚೆನ್ನಾಗಿದೆ, ಆಯಿತು, ಸರಿ. ಬೇಡ ಎನ್ನಲು ಸಂಕೋಚಪಡುವವರೂ ಅದನ್ನೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರಂತೆ. ಅಂದರೆ ನಾನು ನನ್ನ ಪುಡಿಗೆ 'ಒಳ್ಳೆಯ ಮಸಾಲೆ' ಎಂದು ನಾನೇ ಬಿರುದು ಕೊಟ್ಟುಕೊಂಡಿದ್ದೆ. ಅದರಲ್ಲೂ ವ್ಯಾಕರಣ ತಪ್ಪು. 'ಸಾರೋ ಮಸಾಲೋ' ಆಗಬೇಕಿತ್ತು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ವ್ಯಾಪಾರದಲ್ಲಿ ಸೋಲಬೇಕು, ಸೋತರೇ ಹೊಸದು ಹೊಳೆಯುತ್ತದೆ ಎಂದು ವೇದಿಕೆಯ ಮೇಲೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರೆಲ್ಲ ಗೆದ್ದ ಮೇಲೆ ಸೋಲನ್ನು ಹೊಗಳುವವರು. ಸೋತಿರುವಾಗ ಏನೂ ಹೊಳೆಯುವುದಿಲ್ಲ, ಸೀನು ಬರುತ್ತದೆ ಅಷ್ಟೆ. ನನಗಂತೂ ಹೊಳೆಯಲಿಲ್ಲ, ಹೊಳೆದದ್ದು ಹಂಸಾಬೆನ್‌ಗೆ, ಅದೂ ಸಾರು ಮಾಡಲು ಬಾರದೆ.

ಕನಿಕರದಿಂದ ಒಯ್ದ ಪೊಟ್ಟಣವನ್ನು ಏನು ಮಾಡುವುದೆಂದು ತಿಳಿಯದೆ ಅವರು ಅದಕ್ಕೆ ಚಿಟಿಕೆ ಸಕ್ಕರೆ ಬೆರೆಸಿ, ತಮ್ಮ ಹಪ್ಪಳದಂಥ ಗರಿಗರಿ ಚಪಾತಿ ಖಾಖರಾಕ್ಕೆ ತುಪ್ಪ ಸವರಿ, ಮೇಲೆ ಉದುರಿಸಿ ತಂದುಕೊಟ್ಟರು. ಸಾರಿನ ಪುಡಿಗೆ ಸಕ್ಕರೆ! ನಮ್ಮಜ್ಜಿ ಇದ್ದಿದ್ದರೆ ಮನೆಗೆ ಸೇರಿಸುತ್ತಿರಲಿಲ್ಲ. ನಾನು ಮೂರು ತಿಂದೆ. ಮರುವಾರವೇ ನಾವಿಬ್ಬರೂ ಪಾಲುದಾರರಾಗಿ ಹಳೆಯ ಚೀಟಿ ಕಿತ್ತು 'ಖಾಖರಾ ಪುಡಿ' ಎಂದು ಅಂಟಿಸಿದೆವು. ಗೋಡೆ ಕಾಣಿಸತೊಡಗಿತು. ಮತ್ತೆ ಹುರಿಯಲು ಕೂತೆವು.

ಅಷ್ಟರಲ್ಲಿ ಬಂತು ವರ್ಗಾವಣೆ, ವಡೋದರಕ್ಕೆ. ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸುತ್ತ ಯಜಮಾನರು ಕೇಳಿದರು, "ಪುಡಿ ಎಲ್ಲಾ ಯಾವುದ್ರಲ್ಲಿ ತುಂಬೋದೇ?"

ನಾನು ಹೇಳಿಯೇಬಿಟ್ಟೆ: "ಪುಡಿ ಎಲ್ಲೂ ಬರಲ್ಲ ರೀ, ನಾನೂ ಬರಲ್ಲ. ಮಣಿನಗರದಿಂದ ಬೆಳಿಗ್ಗೆ ರೈಲಿದೆ, ಎರಡು ಗಂಟೆ ದಾರಿ. ಎಲ್ಲರ ಥರ ನೀವೂ ದಿನಾ ಅಪ್‌ಡೌನ್ ಮಾಡಿ. ಡಬ್ಬಿ ಕಟ್ಟಿಕೊಡ್ತೀನಿ."

ಅವರು ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಏರಿಸಿ, ರೈಲಿನ ಹೊತ್ತು ವಿಚಾರಿಸಲು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ವರ್ಗಾವಣೆ ಅವರೊಬ್ಬರಿಗೇ ಆಗಿತ್ತು.